ರೈಡಿಂಗ್ ಮೋವರ್ ಬ್ಲೇಡ್: ಮಳೆಗಾಲಕ್ಕೊಂದು ಜೋಡಿ, ಬೇಸಿಗೆಗೊಂದು

ಸಿದ್ದಾಪುರದ ಹತ್ತಿರ ನಮ್ಮ ಹೋಂಸ್ಟೇ. ಸುತ್ತಲಿನ ಹುಲ್ಲಿಗೆ ರೈಡಿಂಗ್ ಮೋವರ್, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ಇಟ್ಟಿದ್ದೇವೆ. ಅದರ ಡೆಕ್, ಅಂದರೆ ಬ್ಲೇಡ್ ತಿರುಗುವ ಕೆಳಗಿನ ಮುಚ್ಚಳ, 42 ಇಂಚು. ಗಾಡಿಯೊಂದಿಗೆ ಬಂದ ಬ್ಲೇಡ್ ಸವೆದ ಮೇಲೆ ಹೈ ಲಿಫ್ಟ್, ಮಲ್ಚಿಂಗ್ ಅನ್ನೋ ಎರಡು ಬಗೆಯನ್ನೂ ತರಿಸಿ ಕೆಲವು ವರ್ಷ ಓಡಿಸಿದ್ದೇನೆ. ಕೊಡಗಿನಲ್ಲಿ ಎರಡೂ ಬೇಕು ಅನ್ನೋದೇ ನನ್ನ ಅಭಿಪ್ರಾಯ.

ಮಲ್ಚಿಂಗ್ ಬ್ಲೇಡ್ ಹುಲ್ಲನ್ನು ಸಣ್ಣಗೆ ಕೊಚ್ಚಿ ಅಲ್ಲೇ ಉದುರಿಸುತ್ತದೆ. ಬೇಸಿಗೆಯಲ್ಲಿ ಸಿಲ್ವರ್ ಓಕ್ ಎಲೆಯನ್ನೂ ಪುಡಿ ಮಾಡುತ್ತದೆ, ಗುಡಿಸುವ ಕೆಲಸ ಕಡಿಮೆ. ಜೂನ್ ಬಂತೋ, ಇದರ ಆಟ ಮುಗಿಯಿತು. ಒದ್ದೆ ಹುಲ್ಲು ಡೆಕ್ಕಿನೊಳಗೆ ಮೆತ್ತಿಕೊಂಡು ಮುದ್ದೆಮುದ್ದೆಯಾಗಿ ಬೀಳುತ್ತದೆ. ಆಗ ಹೈ ಲಿಫ್ಟ್ ಹಾಕಬೇಕು. ಅದರ ತುದಿಯಲ್ಲಿ ಮೇಲಕ್ಕೆ ಬಾಗಿದ ರೆಕ್ಕೆ ಎತ್ತರ ಇರುತ್ತದೆ. ಗಾಳಿ ಎಳೆದು ಹುಲ್ಲನ್ನು ನೆಟ್ಟಗೆ ನಿಲ್ಲಿಸಿ ಕತ್ತರಿಸಿ, ಪಕ್ಕಕ್ಕೆ ಎಸೆಯುತ್ತದೆ. ಹಾಗಂತ ಸುರಿಯುವ ಮಳೆಯಲ್ಲಿ ಯಾವ ಬ್ಲೇಡೂ ಕೆಲಸ ಮಾಡಲ್ಲ. ಬಿಸಿಲು ಬಿದ್ದ ಮಧ್ಯಾಹ್ನ ಕಾಯಲೇಬೇಕು. ಇದೇ ಬ್ಲೇಡ್ ಫೆಬ್ರವರಿಯಲ್ಲಿ ಹಾಕಿದರೆ ಕೆಂಪು ಧೂಳೆಲ್ಲ ಮುಖಕ್ಕೆ. ಎಂಜಿನ್‌ಗೂ ಭಾರ ಜಾಸ್ತಿ.

ಕೊಳ್ಳುವಾಗ ಡೆಕ್ ಅಳತೆ ಒಂದೇ ಹೇಳಿದರೆ ಸಾಲದು. 42 ಇಂಚಿನ ಡೆಕ್ಕಿಗೆ ಸಾಮಾನ್ಯವಾಗಿ ಸುಮಾರು 21 ಇಂಚಿನ ಎರಡು ಬ್ಲೇಡ್. ಉದ್ದವನ್ನು ಒಂದು ತುದಿಯ ಕತ್ತರಿಸುವ ಮೂಲೆಯಿಂದ ಇನ್ನೊಂದು ತುದಿಯ ಕತ್ತರಿಸುವ ಮೂಲೆಗೆ ಓರೆಯಾಗಿ ಅಳೆಯಬೇಕು. ಅದಕ್ಕಿಂತ ಮುಖ್ಯ ನಡುವಿನ ತೂತು. ಕೆಲವಕ್ಕೆ ದುಂಡು, ಕೆಲವಕ್ಕೆ ಐದು ಮೂಲೆಯ ನಕ್ಷತ್ರ, ಕೆಲವಕ್ಕೆ ಆರು ಮೂಲೆ. ‘ಎಲ್ಲ ಗಾಡಿಗೂ ಆಗುತ್ತೆ’ ಅಂತ ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಅಗ್ಗದ ಜೋಡಿ ಒಂದು ಬಂತು. ವಾಷರ್ ಇಟ್ಟರೂ ತೂತು ಸಡಿಲ. ವಾಪಸ್ ಕಳಿಸಿದೆ. ಹಳೇ ಬ್ಲೇಡ್ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದು ಮೈಸೂರಿನ ಅಂಗಡಿಗೆ ಕಳಿಸಿದರೆ ಈ ತಲೆನೋವೇ ಇಲ್ಲ.

ಹಾಕೋದು ಕಷ್ಟವಲ್ಲ. ಕೀ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಬಿಚ್ಚಿ, ಬ್ರೇಕ್ ಹಾಕಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ದಪ್ಪ ಕೈಗವಸು ಇರಲಿ. ಬ್ಲೇಡಿಗೂ ಡೆಕ್ಕಿಗೂ ನಡುವೆ ಮರದ ತುಂಡು ಸಿಕ್ಕಿಸಿದರೆ ಅದು ತಿರುಗಲ್ಲ, ಬೋಲ್ಟ್ ಬಿಚ್ಚುತ್ತದೆ. ಹೊಸದರ ರೆಕ್ಕೆ ಮೇಲಕ್ಕೆ, ಡೆಕ್ ಕಡೆಗೆ ಇರಬೇಕು. ತಲೆಕೆಳಗಾಗಿ ಹಾಕಿದರೆ ಹುಲ್ಲು ಕತ್ತರಿಸಲ್ಲ, ಸುಮ್ನೆ ಹೊಡೆದು ಹರಿಯುತ್ತದೆ. ಬಿಗಿ ಎಷ್ಟು ಅಂತ ಕೈಪಿಡಿಯಲ್ಲಿ ಇರುತ್ತದೆ, ಟಾರ್ಕ್ ವ್ರೆಂಚ್‌ನಿಂದ (ಬಿಗಿ ಅಳೆಯುವ ಸ್ಪ್ಯಾನರ್) ಅಷ್ಟೇ ಕೊಡಿ.

ನಮ್ಮಲ್ಲಿ ಮಣ್ಣಿನಿಂದ ಜಂಬಿಟ್ಟಿಗೆ ಚೂರು ಏಳುತ್ತಲೇ ಇರುತ್ತದೆ, ಹಾಗಾಗಿ ಅಂಚು ಬೇಗ ಮೊಂಡಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಸಾಣೆ ಹಿಡಿಸುವಾಗ ಪಕ್ಕದಲ್ಲೇ ನಿಲ್ಲಿ. ಅಂಚು ನೀಲಿಯಾಗುವಷ್ಟು ಕಾಯಿಸಿದರೆ ಉಕ್ಕಿನ ಗಟ್ಟಿತನ ಹೋಯಿತು. ಕ್ಷೌರದ ಬ್ಲೇಡಿನಷ್ಟು ಹರಿತವೂ ಬೇಡ, ಮೊದಲ ಕಲ್ಲಿಗೇ ಹೋಗುತ್ತದೆ. ಆಮೇಲೆ ಗೋಡೆಯ ಮೊಳೆಗೆ ತೂತು ಸಿಕ್ಕಿಸಿ ನೋಡಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನೊಂಚೂರು ಉಜ್ಜಬೇಕು. ಇದನ್ನು ಬಿಟ್ಟರೆ ಗಾಡಿ ಅದುರಿ, ಬ್ಲೇಡ್ ತಿರುಗಿಸುವ ಸ್ಪಿಂಡಲ್‌ನ ಬೇರಿಂಗ್ ಹೋಗುತ್ತದೆ, ಅದರ ಖರ್ಚು ಬ್ಲೇಡಿನದಕ್ಕಿಂತ ಜಾಸ್ತಿ.