ಸೋಲಾರ್ ಬೇಲಿ ಕಿಟ್: ಯಂತ್ರ ಗಟ್ಟಿ, ಕೈಪಿಡಿ ಹಂದಿಯ ಪರ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ತೋಟದ ಅಂಚಿಗೆ ಹಾಕುವಂಥ 12 ವೋಲ್ಟಿನ ಕಿಟ್ ಇದು. ತಂತಿಗೆ ಕರೆಂಟಿನ ಏಟು ಹರಿಸುವ ಝಟ್ಕಾ ಯಂತ್ರ, ಪ್ಯಾನೆಲ್, ಬ್ಯಾಟರಿ, ಇನ್ಸುಲೇಟರ್, ಒಂದು ಸೈರನ್, ನೆಲಕ್ಕೆ ಹೂಳುವ ಒಂದೇ ಒಂದು ಅರ್ತಿಂಗ್ ಸಲಾಕೆ. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಕೈಪಿಡಿಗೆ ಒಂದೂವರೆ.

ಮೊದಲು ತಂತಿ ಎಳೆದಿಡಿ, ಯಂತ್ರವನ್ನು ಪುರುಸೊತ್ತಾದಾಗ ಜೋಡಿಸಿ ಎನ್ನುತ್ತದೆ ಕೈಪಿಡಿ. ಎಡವಟ್ಟಾಗುವುದು ಇಲ್ಲೇ. ಆ ಪುರುಸೊತ್ತು ಸಿಗಲು ಹದಿನೈದು ದಿನ ಬೇಕು. ಅಷ್ಟರೊಳಗೆ ಕಾಡುಹಂದಿ ರಾತ್ರಿರಾತ್ರಿ ಬಂದು ತಂತಿ ಮೂಸಿ, ಅಡಿಯಲ್ಲಿ ನುಗ್ಗಿ, ಮರಗೆಣಸು ಬಗೆದು ಹೋಗಿರುತ್ತದೆ. ತಂತಿ ಅಂದರೆ ಲೆಕ್ಕಕ್ಕಿಲ್ಲದ ವಸ್ತು ಎಂದು ಅದರ ತಲೆಯಲ್ಲಿ ಕೂತಾಗಿರುತ್ತದೆ. ಆಮೇಲೆ ಕರೆಂಟು ಹರಿಸಿದರೂ ಏಟಿಗೂ ತಂತಿಗೂ ಗಂಟು ಹಾಕಲು ಅದಕ್ಕೆ ಬಹಳ ಸಮಯ ಹಿಡಿಯುತ್ತದೆ.

ಹಂದಿಯ ಮೊಂಡುತನ ಎಂದು ಬೈದು ಫಲವಿಲ್ಲ. 1959ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞರಾದ ಲುಬೋ ಮತ್ತು ಮೂರ್ ಕುರಿ, ಆಡುಗಳಲ್ಲಿ ಇದನ್ನು ತೋರಿಸಿದ್ದರು. ಮಿನುಗುವ ದೀಪ, ತಿರುಗುವ ಚಕ್ರ ಎರಡರಲ್ಲಿ ಯಾವುದನ್ನು ಮುಂಚೆ ಶಾಕ್ ಇಲ್ಲದೆ ಬರಿದೇ ತೋರಿಸಿದ್ದರೋ, ಆಮೇಲೆ ಅದನ್ನು ಶಾಕ್‌ನ ಮುನ್ಸೂಚನೆ ಎಂದು ಕಲಿಯಲು ಪ್ರಾಣಿಗಳಿಗೆ ಹೆಚ್ಚು ಸಲ ಬೇಕಾಯಿತು. ಪರಿಚಯವಾದದ್ದರ ಮೇಲೆ ಹೆದರಿಕೆ ಸುಲಭಕ್ಕೆ ಕೂರುವುದಿಲ್ಲ.

ಹಾಗಾಗಿ ಕ್ರಮ ತಿರುಗಿಸಿ. ಕಂಬ ನೆಟ್ಟು, ಅರ್ತಿಂಗ್ ಮುಗಿಸಿ, ಯಂತ್ರ, ಬ್ಯಾಟರಿ ಸಿದ್ಧ ಮಾಡಿಟ್ಟುಕೊಳ್ಳಿ. ಕೊನೆಗೆ ಒಂದೇ ಹಗಲಲ್ಲಿ ತಂತಿ ಎಳೆದು ಅಂದೇ ಸಂಜೆಯೊಳಗೆ ಚಾಲೂ ಮಾಡಿ. ಕೆಳಗಿನ ತಂತಿ ನೆಲದಿಂದ 20 ಸೆಂ.ಮೀ., ಎರಡನೆಯದು 45 ಸೆಂ.ಮೀ. ಹಂದಿಯ ಮೈಯ ಬಿರುಗೂದಲಿನ ಮೇಲೆ ಝಟ್ಕಾ ಅಷ್ಟಾಗಿ ಹತ್ತುವುದಿಲ್ಲ, ಹತ್ತುವುದು ಒದ್ದೆ ಮೂತಿಗೆ. ಬೆನ್ನಿಗೆ ತಾಗಿದರೆ ಹಿಂದೆ ಸರಿಯದೆ ಮುಂದಕ್ಕೇ ನುಗ್ಗಿ ತೋಟದೊಳಗೆ ಬೀಳುತ್ತದೆ. ಅದಕ್ಕೇ ಹಂದಿ ಓಡಾಡುವ ದಾರಿಯಲ್ಲಿ ಕೆಳತಂತಿಗೆ ಅಲ್ಯೂಮಿನಿಯಂ ಹಾಳೆಯ ತುಂಡು ಮಡಚಿ ಸಿಕ್ಕಿಸಿ, ಕಳಿತ ಹಲಸಿನ ತೊಳೆ ಉಜ್ಜಿ. ತಾನಾಗಿ ಮೂತಿ ಚಾಚುತ್ತದೆ.

ಈಗ ಅರ್ತಿಂಗ್. ಕಿಟ್ಟಿನ ಒಂಟಿ ಸಲಾಕೆ ನಮ್ಮ ಮುರಕಲ್ಲು ನೆಲಕ್ಕೆ ಏನೇನೂ ಸಾಲದು. ಮಳೆಗಾಲದಲ್ಲಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮಾರ್ಚ್ ಬಂತೆಂದರೆ ಗುಡ್ಡೆ ಒಣಗಿ, ಯಂತ್ರ ಟಕ್ ಟಕ್ ಎನ್ನುತ್ತಿದ್ದರೂ ತಂತಿಯಲ್ಲಿ ಏಟಿಲ್ಲ. ಕನಿಷ್ಠ ಮೂರು ಸಲಾಕೆ, ಒಂದೊಂದೂ ಸುಮಾರು 2 ಮೀಟರ್ ಆಳ, 3 ಮೀಟರ್ ಅಂತರ, ತೋಟದ ಕಣಿಯ ತೇವ ಇರುವಲ್ಲಿ, ಮನೆಯ ಅರ್ತಿಂಗ್‌ನಿಂದ 10 ಮೀಟರ್ ಆಚೆ. ಪರೀಕ್ಷೆ ಹೀಗೆ: ಯಂತ್ರ ಆಫ್ ಮಾಡಿ, 100 ಮೀಟರ್ ದೂರದಲ್ಲಿ ತಂತಿಗೆ ಒಂದೆರಡು ಕಬ್ಬಿಣದ ಸರಳು ಒರಗಿಸಿ ನೆಲಕ್ಕೆ ಊರಿ. ಮತ್ತೆ ಆನ್ ಮಾಡಿ ಕೊನೆಯ ಅರ್ತಿಂಗ್ ಸಲಾಕೆಯ ವೋಲ್ಟೇಜ್ ನೋಡಿ. 300 ವೋಲ್ಟ್ ದಾಟಿದರೆ ಇನ್ನೊಂದು ಸಲಾಕೆ ಬೇಕು. ಸರಳು ತೆಗೆದ ಮೇಲೆ ಬೇಲಿಯ ತುತ್ತತುದಿಯಲ್ಲೂ 4,000 ವೋಲ್ಟ್ ಸಿಗಬೇಕು.

ಸೈರನ್ ಬಿಚ್ಚಿ ಅಟ್ಟಕ್ಕೆ ಹಾಕಿ. ನೋವಿಲ್ಲದ ಸದ್ದು ಹಂದಿಗೆ ಬೇಗ ರೂಢಿಯಾಗುತ್ತದೆ, ನಿದ್ದೆ ಕೆಡುವುದು ಪಕ್ಕದ ಮನೆಯವರಿಗೆ.

ಆಟಿಯ ಮಳೆಯಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದ್ದು ತಂತಿಗೆ ತಾಗಿ ಏಟು ಸೋರಿಹೋಗುತ್ತದೆ, ವಾರಕ್ಕೊಮ್ಮೆ ಸವರುತ್ತಿರಬೇಕು. 'ಹೇಗೂ ಹೆದರಿವೆಯಲ್ಲ' ಎಂದು ಯಂತ್ರ ನಿಲ್ಲಿಸಿದರೆ, ತಂತಿ ಮುಟ್ಟಿದರೂ ಏನಾಗದ ಪ್ರತಿ ರಾತ್ರಿ ಹೆದರಿಕೆ ಅಷ್ಟಷ್ಟೇ ಇಳಿಯುತ್ತದೆ. ರಿಪೇರಿಗೆ ಯಂತ್ರ ಕೊಡಬೇಕಾಗಿ ಬಂದರೆ, ಹಂದಿಯ ದಾರಿಯಲ್ಲಿರುವ ತಂತಿಯನ್ನಾದರೂ ಬಿಚ್ಚಿ ಸುತ್ತಿಡಿ. ಸತ್ತ ತಂತಿಗಿಂತ ಖಾಲಿ ಕಂಬ ವಾಸಿ.

ಯಂತ್ರದ ಮೇಲೆ ಐಇಸಿ 60335-2-76 (ಬೇಲಿ ಯಂತ್ರಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ) ಎಂಬ ಗುರುತಿದೆಯೇ ನೋಡಿ ಕೊಳ್ಳಿ. ಇದು ಸುಮಾರು ಸೆಕೆಂಡಿಗೊಂದರಂತೆ ಅರೆಕ್ಷಣದ ಏಟು ಕೊಡುವ ಯಂತ್ರ, ಅದಕ್ಕೇ ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ. ಮನೆಯ 230 ವೋಲ್ಟ್ ಲೈನನ್ನು ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ, ಕಾನೂನಿನಲ್ಲೂ ಅಪರಾಧ. ತಡಮೆಯ (ಬೇಲಿ ದಾಟುವ ಜಾಗದ) ಹತ್ತಿರ ಎಚ್ಚರಿಕೆ ಫಲಕ ಇರಲೇಬೇಕು.

ಇನ್ನು ಮಂಗನ ಕಾಟಕ್ಕೆಂದು ಕೊಳ್ಳುವವರು ದುಡ್ಡು ಉಳಿಸಿಕೊಳ್ಳಿ. ಕಂಗಿನಿಂದ ಕಂಗಿಗೆ, ಅಂದರೆ ಅಡಿಕೆ ಮರದಿಂದ ಮರಕ್ಕೆ, ಹಾರುವವನಿಗೆ ನೆಲದ ಬೇಲಿ ಏನು ಮಾಡೀತು?