ನೀ ಕ್ಯಾಪ್ ಬಿಗಿಯಾದಷ್ಟೂ ಒಳ್ಳೆಯದು ಅಂದರೆ ನಂಬಬೇಡಿ

ನೀ ಕ್ಯಾಪ್, ಅಂದರೆ ಮಂಡಿಗೆ ಏರಿಸಿಕೊಳ್ಳುವ ಬಿಗಿ ಕವಚ, ತಗೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ. ಮಂಡಿ ಅಲುಗದಿರಲಿ ಅಂತ ಹಾಕಿಕೊಂಡಿದ್ದು ನನ್ನ ಪಾದಕ್ಕೇ ಜೋಮು ಹಿಡಿಸಿತು. ಕಾಲು ಕೊಡವಿದರೆ ಹೋಗುವಂಥ ಜೋಮಲ್ಲ.

ಮೆಟ್ಟಿಲು ಇಳಿಯುವಾಗ ಮಂಡಿ ಸ್ವಲ್ಪ ಸಡಿಲ ಅನ್ನಿಸುತ್ತಿತ್ತು, ಅಷ್ಟೇ. ಅಂಗಡಿಯವರು ಕಾಲಿಗೆ ಟೇಪು ಹಿಡಿಯಲೇ ಇಲ್ಲ. ಪ್ಯಾಂಟಿನ ಸೈಜು ಕೇಳಿ, ಒಂದು ಸೈಜು ಚಿಕ್ಕದನ್ನೇ ಕೊಟ್ಟರು. "ಬಿಗಿ ಇದ್ದಷ್ಟೂ ಹಿಡಿತ ಜಾಸ್ತಿ. ದಿನವಿಡೀ ಹಾಕ್ಕೊಂಡಿರಿ, ಏನೂ ಆಗಲ್ಲ" ಅಂದರು. ಡಬ್ಬದ ಮೇಲೂ 'ಲಿಗಮೆಂಟಿಗೆ ಪೂರ್ತಿ ರಕ್ಷಣೆ' ಅಂತ ದಪ್ಪ ಅಕ್ಷರ. ಲಿಗಮೆಂಟ್ ಅಂದರೆ ಕೀಲಲ್ಲಿ ಮೂಳೆಗಳನ್ನು ಹಿಡಿದಿಡುವ ಗಟ್ಟಿ ನಾರು. ಒಳಗಿದ್ದದ್ದು 7 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ಅನ್ನುವ ಒಂಥರಾ ರಬ್ಬರ್. ಭಾರ ಎತ್ತುವವರು ಭಾರ ಹೊತ್ತು ಬಸ್ಕಿ (ಸ್ಕ್ವಾಟ್) ಹೊಡೆಯುವಾಗ ಏರಿಸಿಕೊಂಡು, ಮುಗಿದ ಮೇಲೆ ಇಳಿಸುವ ಮಾಲು ಅದು. ಇಡೀ ದಿನ ಕುರ್ಚಿಯಲ್ಲಿ ಕೂರುವವರಿಗೆ ಯಾಕೆ ಕೊಟ್ಟರೋ!

ಮಂಡಿ ಮಡಚಿ ಕೂತಾಗ ಅದರ ಕೆಳಗಿನ ಅಂಚು ಸುರುಳಿ ಸುತ್ತಿಕೊಂಡು ಹಗ್ಗ ಬಿಗಿದ ಹಾಗಾಗುತ್ತಿತ್ತು. ನಿಮ್ಮ ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ ಬೆರಳಾಡಿಸಿ ನೋಡಿ. ಮೂಳೆಯ ಒಂದು ಗುಬುಟು ಸಿಗುತ್ತದೆ. ಅದರ ಕೆಳಗೇ ಒಂದು ನರ ಮೂಳೆಯನ್ನು ಬಳಸಿಕೊಂಡು, ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಪಾದ ಮೇಲಕ್ಕೆ ಏಳಬೇಕಾದರೆ ಆ ನರ ಸರಿಯಿರಬೇಕು. ಸುರುಳಿ ಬಂದು ಒತ್ತಿದ್ದು ಸರಿಯಾಗಿ ಅಲ್ಲೇ. ಮೊದಲು ಪಾದದ ಮೇಲ್ಭಾಗ ಜುಮ್ ಅಂದಿತು. ಆಮೇಲೆ ಮುಟ್ಟಿದರೂ ಗೊತ್ತಾಗಲಿಲ್ಲ. ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ತಗುಲಿ ಮುಗ್ಗರಿಸುತ್ತಿದ್ದೆ. ಬೀಳದಿರಲಿ ಅಂತ ತಂದಿದ್ದು, ನೋಡಿ.

ಡಾಕ್ಟರು ಎರಡೂ ಹೆಬ್ಬೆರಳು ಮೇಲೆತ್ತಲು ಹೇಳಿ, ತಮ್ಮ ಬೆರಳಿನಿಂದ ಕೆಳಗೆ ಒತ್ತಿದರು. ಒಂದು ಗಟ್ಟಿಯಾಗಿ ನಿಂತಿತು, ಇನ್ನೊಂದು ಸುಮ್ನೆ ಬಗ್ಗಿತು. ನೀ ಕ್ಯಾಪ್ ಬಿಚ್ಚಿಸಿದರು. ವಾಸಿಯಾಯಿತು, ಆದರೆ ವಾರಗಟ್ಟಲೆ ಹಿಡಿಯಿತು.

ಫಿಸಿಯೋಥೆರಪಿಸ್ಟ್ ಹೇಳಿದ್ದು ಇನ್ನೂ ಬೇಜಾರಿನ ಮಾತು. ಇಂಥ ನೀ ಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ. ಚರ್ಮದ ಮೇಲೆ ಒತ್ತಡ ಇರುವುದರಿಂದ ಕಾಲು ಎಲ್ಲಿದೆ ಅನ್ನುವ ಅರಿವು ಸ್ವಲ್ಪ ಹೆಚ್ಚುತ್ತದೆ, ಧೈರ್ಯ ಬರುತ್ತದೆ. ಆದರೆ ಮಂಡಿ ತಿರುಚಿಕೊಂಡರೆ ತಡೆಯುವ ಶಕ್ತಿ ಅದಕ್ಕಿಲ್ಲ. ಲಿಗಮೆಂಟ್ ಹರಿದವರಿಗೆ ಕೊಡುವುದು ಎರಡೂ ಪಕ್ಕದಲ್ಲಿ ಕೀಲು, ಪಟ್ಟಿ ಇರುವ ಬ್ರೇಸ್. ಅದು ಬೇರೆಯೇ ವಸ್ತು, ಅಳತೆ ತೆಗೆದು ಕೊಡುವಂಥದ್ದು. ಪೆಟ್ಟು ತಪ್ಪಿಸುವುದೇ ಉದ್ದೇಶವಾದರೆ ತೊಡೆ, ಸೊಂಟದ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕು. ಫುಟ್‌ಬಾಲ್ ಆಡುವವರಿಗೆ 'ಫಿಫಾ 11+' ಅನ್ನುವ ಸುಮಾರು 20 ನಿಮಿಷದ ವಾರ್ಮ್-ಅಪ್ ಇದೆ. ಅದರಿಂದ ಪೆಟ್ಟು ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಡಬ್ಬದ ಮೇಲೆ ಇದನ್ನೆಲ್ಲ ಯಾಕೆ ಬರೆಯುತ್ತಾರೆ, ಅಲ್ವಾ?

ತಗೊಳ್ಳಲೇಬೇಕಿದ್ದರೆ ಆ ಕಂಪನಿಯ ಚಾರ್ಟಿನಲ್ಲಿ ಹೇಳಿದ ಜಾಗದಲ್ಲೇ ಟೇಪು ಹಿಡಿಯಿರಿ. ಕೆಲವು ಕಂಪನಿಯವರು ಮಂಡಿಯ ನಡುವಿನ ಅಳತೆ ಕೇಳುತ್ತಾರೆ, ಕೆಲವರು ತೊಡೆಯದ್ದು. ಹಾಕಿಕೊಂಡು ಬರೀ ನಿಂತು ನೋಡಬೇಡಿ, ಒಂದಷ್ಟು ಹೊತ್ತು ಕೂತು ನೋಡಿ. ಅಂಚು ಸುರುಳಿ ಸುತ್ತಿದರೆ, ಬೆರಳು ತಣ್ಣಗಾದರೆ ಅಥವಾ ಜುಮ್ ಅಂದರೆ ಬೇಡವೇ ಬೇಡ. ಮಲಗುವಾಗ ತೆಗೆದಿಡಿ. ನಿಯೋಪ್ರೀನ್‌ನಲ್ಲಿರುವ ರಬ್ಬರ್ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬಂದರೆ ಬೆವರು ಅಂತ ಬಿಡಬೇಡಿ.

ಮಂಡಿ ಊದಿದ್ದರೆ, ಮಡಚಿದ್ದು ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ಕುಸಿಯುತ್ತಿದ್ದರೆ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ. ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಹೋಗಿ, ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು.