ಅಮ್ಮನ ಕೀಮೋ ಮತ್ತು ನಾನು ಮುಚ್ಚಿಟ್ಟ ಎಣ್ಣೆ ಬಾಟಲಿ

ಬರೆಯೋಕೆ ನಾಚ್ಕೆ ಆಗತ್ತೆ, ಆದ್ರೂ ಮನೇಲಿ ಕೀಮೋ ನಡೀತಿರೋರು ಓದಿ. ಗಾಂಜಾ ಎಣ್ಣೆ ಏನಾದ್ರೂ ಕೊಡ್ತಿದ್ರೆ ಇವತ್ತೇ ಬಾಟಲಿ ಸಮೇತ ಡಾಕ್ಟರಿಗೆ ತೋರ್ಸಿ.

ಅಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್. ಎರಡನೇ ಕೀಮೋ ಆದ್ಮೇಲೆ ಗಂಜಿನೀರೂ ಹೊಟ್ಟೇಲಿ ನಿಲ್ತಿರ್ಲಿಲ್ಲ, ಒಗ್ಗರಣೆ ವಾಸನೆ ಬಂದ್ರೆ ಸಾಕು ಮೂಗಿಗೆ ಸೆರಗು ಹಿಡ್ಕೊಂಡು ಒಳಗೆ ಹೋಗೋಳು. ಚಿಕ್ಕಪ್ಪನ ಮಗ ಗಾಂಜಾ ಎಣ್ಣೆ ಕೊಡು, ವಾಂತಿ ಏನು ಗೆಡ್ಡೇನೇ ಕರಗತ್ತೆ ಅಂತ ವಾಟ್ಸಾಪಲ್ಲಿ ವಿಡಿಯೋ ಕಳ್ಸಿದ. ಮೊದ್ಲು ತರ್ಸಿದ್ದು ಹೆಂಪ್ ಅಂದ್ರೆ ಗಾಂಜಾ ಜಾತಿ ಗಿಡದ ಬೀಜದ ಎಣ್ಣೆ, ಅದ್ರಲ್ಲಿ ಅಮಲೇರ್ಸೋ ಟಿಎಚ್‌ಸಿ, ಅಮಲೇರ್ಸದ ಸಿಬಿಡಿ ಅನ್ನೋ ಗಾಂಜಾದ ಅಂಶಗಳು ಇಲ್ಲ ಅನ್ನೋಷ್ಟು ಕಮ್ಮಿ ಅಂತ ದುಡ್ಡು ಕೊಟ್ಮೇಲೆ ಗೊತ್ತಾಯ್ತು. ಆಮೇಲೆ ತರ್ಸಿದ್ದು ಗಾಂಜಾ ಎಲೆಯಿಂದ ತೆಗ್ದಿದ್ದು, ಹೆಸ್ರು ವಿಜಯಾ, ಆಯುರ್ವೇದದಲ್ಲಿ ಆ ಗಿಡಕ್ಕೆ ಅನ್ನೋ ಹೆಸ್ರು. 1985ರ ಮಾದಕವಸ್ತು ಕಾಯ್ದೆ (ಎನ್‌ಡಿಪಿಎಸ್) ಪ್ರಕಾರ ಗಾಂಜಾ ಅಂದ್ರೆ ಹೂ ಕಾಯಿ ಬಿಟ್ಟ ತುದಿ, ಬರೀ ಎಲೆ ಅದ್ರಲ್ಲಿ ಬರಲ್ಲ, ಹಂಗಾಗಿ ಆಯುರ್ವೇದ ಔಷಧಿ ಅಂತ ಡಾಕ್ಟರ್ ಚೀಟಿ ಮೇಲೆ ಮಾರ್ತಾರೆ. ಒಬ್ರು ಡಾಕ್ಟರ್ ವಿಡಿಯೋ ಕಾಲಲ್ಲಿ 5 ನಿಮಿಷ ಮಾತಾಡಿ ಚೀಟಿ ಕೊಟ್ರು, ಬೇರೆ ಯಾವ ಮಾತ್ರೆ ನಡೀತಿದೆ ಅಂತ್ಲೂ ಕೇಳ್ಲಿಲ್ಲ.

ರಾತ್ರಿ ಊಟ ಆಗಿ ನಾಲ್ಕು ಹನಿ ಹಾಕ್ದೆ. ಮುಕ್ಕಾಲು ಗಂಟೆ ಆದ್ರೂ ಏನೂ ಇಲ್ಲ, "ಇನ್ನೊಂಚೂರು ಹಾಕು ಮಗಾ" ಅಂದ್ಳು, ಹಾಕ್ದೆ. ಹೊಟ್ಟೆಗೆ ಹೋಗಿದ್ದು ಏರೋಕೆ 1ರಿಂದ 3 ಗಂಟೆ ಹಿಡಿಯತ್ತಂತೆ, ಎರಡೂ ಒಟ್ಟಿಗೇ ಏರ್ತು. ನಡುರಾತ್ರಿ ಬಾತ್‌ರೂಮಿಗೆ ಎದ್ದವಳು ಬಿದ್ಳು, ನನ್ನ ನೋಡಿ ಯಾರು ನೀನು ಅಂದ್ಳು.

ಎಮರ್ಜೆನ್ಸೀಲಿ ಬೇರೇನಾದ್ರೂ ಕೊಟ್ರಾ ಅಂತ ಎರಡು ಸಲ ಕೇಳಿದ್ರು. ಪೊಲೀಸ್ ಕೇಸಾದ್ರೆ ಅಂತ ಹೆದ್ರಿ ಇಲ್ಲ ಅಂದೆ. ಕ್ಯಾನ್ಸರ್ ಮೆದುಳಿಗೆ ಹೋಗಿರ್ಬೋದು ಅಂತ ಸ್ಕ್ಯಾನ್ ಬರೆದ್ರು. ರಿಪೋರ್ಟ್ ಬರೋವರ್ಗೂ ಅಪ್ಪ ಕಾರಿಡಾರಲ್ಲಿ ಕೂತು ಅಳ್ತಿದ್ರು, ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡ್ಲಿಲ್ಲ. ಬೆಳಗ್ಗೆ ಹೇಳ್ದೆ.

ನಮ್ಮ ಕ್ಯಾನ್ಸರ್ ಡಾಕ್ಟರ್ ಬೈಲಿಲ್ಲ, ಅದೇ ಇನ್ನೂ ಕಷ್ಟ ಆಯ್ತು. ಸಿಬಿಡಿ ಲಿವರ್ ಕೆಲ್ಸಕ್ಕೆ ಅಡ್ಡ ಬಂದು ಬೇರೆ ಮಾತ್ರೆಗಳು ರಕ್ತದಲ್ಲಿ ಜಾಸ್ತಿ ಉಳ್ಕೋಬೋದು, ರಕ್ತ ಹೆಪ್ಪುಗಟ್ಟದಂಗೆ ತಡೆಯೋ ವಾರ್ಫರಿನ್ ಮಾತ್ರೆ ತಗೊಳ್ಳೋರಿಗೆ ರಕ್ತಸ್ರಾವದ ಭಯ ಅಂದ್ರು. ಅಮೆರಿಕದಲ್ಲಿ ಕೀಮೋ ವಾಂತಿಗೆ ಡ್ರೊನಾಬಿನಾಲ್ ಅನ್ನೋ, ಟಿಎಚ್‌ಸಿನೇ ಇರೋ ಮಾತ್ರೆ 1985ರಿಂದಾನೇ ಇದೆಯಂತೆ, ಗಿಡದಲ್ಲಿ ಗುಣ ಇಲ್ಲ ಅಂತಲ್ಲ, ಅಳತೆ ಗೊತ್ತಿರೋ ಮಾತ್ರೆ ಬೇರೆ ನಾನು ಕಣ್ಣಂದಾಜಲ್ಲಿ ಹಾಕಿದ ಹನಿ ಬೇರೆ. ಕೊನೆಗೆ ರಾತ್ರಿಗೆ ವಾಂತಿ ತಡೆಯೋಕೆ ಓಲಾಂಜಪಿನ್ ಮಾತ್ರೆ ಸೇರ್ಸಿದ್ರು, ಮುಂದಿನ ಕೀಮೋ ಆಗಿ ಮೂರನೇ ದಿನ ಅಮ್ಮ ತಿಳಿಸಾರು ಅನ್ನ ಉಂಡ್ಳು. ಅಲ್ಲೀವರ್ಗೂ ಡಾಕ್ಟರಿಗೆ ವಾಂತಿ ಆಗತ್ತೆ ಅಂದಿದ್ವಿ ಅಷ್ಟೇ, ದಿನಕ್ಕೆಷ್ಟು ಸಲ ಅಂತ ನಾವೇ ಹೇಳಿರ್ಲಿಲ್ಲ.